ಕಂಡವರುಂಟೆ?

ಕನ್ನಡದಲ್ಲಿ ‘ಕಾಣೆ’ ಎಂಬುದು ಒಂದು ವಿಚಿತ್ರವಾದ ಮಾತು. ತರಗತಿಯಲ್ಲಿ ಅದನ್ನು ಬಿಡಿಸಿ ತೋರಿಸುವುದು ಸುಲಭ. ‘ಕಾಣ್’ ಧಾತು, ನಿಷೇಧಾರ್ಥ, ಉತ್ತಮಪುರುಷ ಏಕವಚನ. ‘ಕಾಣೆ’ ಎಂದರೆ ‘ನಾನು ಕಾಣುವುದಿಲ್ಲ’, ‘ನಾನು ಅರಿಯೆ’. ಹಳೆಯ ಕಾವ್ಯಗಳಲ್ಲೂ ಹಳ್ಳಿಯ ಹಿರಿಯರ ಬಾಯಲ್ಲೂ ಈ ಅರ್ಥ ಉಳಿದಿದೆ. ಆದರೆ ಅದೇ ಮಾತಿಗೆ ‘ಆಗು’ ಎಂಬುದನ್ನು ಅಂಟಿಸಿ ‘ಹುಡುಗ ಕಾಣೆಯಾದ’, ‘ಹಸು ಕಾಣೆಯಾಯಿತು’ ಎನ್ನುತ್ತೇವೆ. ಕಾಣದೆ ಇರುವವನು ನಾನು. ‘ಕಾಣೆ’ ಆದವನು ಮಾತ್ರ ಅವನು! ಅವನಿಗೇನು, ಎಲ್ಲೋ ಒಂದು ಕಡೆ ಇದ್ದೇ ಇರುತ್ತಾನೆ. ಯಾರೋ ಒಬ್ಬರ ಕಣ್ಣಿಗೆ ಬಿದ್ದೇ ಇರುತ್ತಾನೆ. ನಮ್ಮ ಕಣ್ಣಿಗೆ ಬೀಳಲಿಲ್ಲ, ಅಷ್ಟೆ.

ಇಪ್ಪತ್ತು ವರ್ಷಗಳಿಂದ ಈ ವ್ಯಾಕರಣ ಹೇಳುತ್ತ ಬಂದ ನನಗೆ ಅದರೊಳಗಿನ ನೋವು ಹೊಳೆದದ್ದು ವ್ಯಾಕರಣದಿಂದಲ್ಲ. ಯುದ್ಧಗಳಲ್ಲಿ ಕಾಣೆಯಾದ ವೈಮಾನಿಕರ ವೃತ್ತಾಂತಗಳನ್ನು ಓದತೊಡಗಿದ ಮೇಲೆ. ಕನ್ನಡದ ಮೇಷ್ಟರಿಗೆ ಈ ಹುಚ್ಚು ಎಲ್ಲಿಂದ ಹಿಡಿಯಿತೆಂದು ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರು ಆಗಾಗ ಹಾಸ್ಯ ಮಾಡುತ್ತಾರೆ. “ರೆಕ್ಕೆಯ ಮೇಲೆ ಗಾಳಿ ಹೇಗೆ ಹರಿಯುತ್ತೆ ಅಂತ ಗೊತ್ತೇನ್ರೀ ನಿಮಗೆ?” ಎನ್ನುತ್ತಾರೆ. ಗೊತ್ತಿಲ್ಲ. ವಿಮಾನ ಹೇಗೆ ಮೇಲೇರುತ್ತದೆ ಎಂಬುದರಲ್ಲಿ ನನಗೆ ಅಷ್ಟೇನೂ ಆಸಕ್ತಿಯಿಲ್ಲ. ಅದು ಬಿದ್ದ ಮೇಲೆ, ಬಿದ್ದವನ ಹೆಸರು ಹುಡುಕುವವರು ಏನು ಮಾಡುತ್ತಾರೆ ಎಂಬುದು ಮಾತ್ರ ನನ್ನದೇ ಕಸುಬಿನಂತೆ ತೋರುತ್ತದೆ. ನಾಲ್ಕಾರು ಓಲೆಗರಿಯ ಪ್ರತಿಗಳನ್ನು ಮುಂದಿಟ್ಟುಕೊಂಡು, ಲಿಪಿಕಾರರ ತಪ್ಪುಗಳ ನಡುವೆ ಕವಿಯ ಮಾತು ಯಾವುದೆಂದು ತಡಕುವ ಗ್ರಂಥಸಂಪಾದನೆಗೂ ಇದಕ್ಕೂ ಹೆಚ್ಚು ದೂರವಿಲ್ಲ. ಒಂದು ಪ್ರಸಂಗ ಹೇಳುತ್ತೇನೆ, ವಾಚಕರೇ ತೀರ್ಮಾನಿಸಲಿ.

ಒಂದನೆಯ ಮಹಾಯುದ್ಧದ ಕೊನೆಯ ವರ್ಷ. ಆಗ ಬ್ರಿಟಿಷರ ವಾಯುದಳದಲ್ಲಿ ಯುದ್ಧವಿಮಾನ ನಡೆಸಿದ ಭಾರತೀಯರನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದಿತ್ತು. ಇಂದ್ರಲಾಲ್ ರಾಯ್, ಹರ್ದಿತ್ ಸಿಂಗ್ ಮಲಿಕ್, ಎರಲ್ ಚಂದರ್ ಸೇನ್, ಮುಂಬಯಿಯ ಶ್ರೀಕೃಷ್ಣ ವೆಲಿಂಕರ್. ವೆಲಿಂಕರ್ ಕೇಂಬ್ರಿಜ್ಜಿನಲ್ಲಿ ಓದಿದವರು. ೧೯೧೮ರ ಜೂನ್ ೨೭ರಂದು ಫ್ರಾನ್ಸಿನ ರಣರಂಗದ ಮೇಲೆ ಗಸ್ತು ಹೊರಟರು. ಹಿಂತಿರುಗಲಿಲ್ಲ. ದಂಡಿನ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ‘ಕಾಣೆ’ ಎಂದು ಬಿತ್ತು. ಯುದ್ಧ ಮುಗಿದು ಸೆರೆಯಾಳುಗಳೆಲ್ಲ ಮನೆಗೆ ಬಂದರು, ಇವರು ಬರಲಿಲ್ಲ. ಸತ್ತರೆಂದು ಹೇಳುವವರೂ ಇಲ್ಲ, ಇದ್ದಾರೆಂದು ಹೇಳುವವರೂ ಇಲ್ಲ.

ಹೀಗೆ ಹೆಚ್ಚು ಕಡಮೆ ಮೂರು ವರ್ಷ. ೧೯೨೧ರಲ್ಲಿ, ಜರ್ಮನರ ವಶದಲ್ಲಿದ್ದ ನೆಲದ ಸಮಾಧಿಗಳ ಪೈಕಿ ಒಂದರ ಶಿಲುಬೆಯ ಮೇಲೆ ‘ಓಬರ್‌ಲ್ಯೂಟ್ನಂಟ್ ಎಸ್. ಸಿ. ವುಮ್ಕರ್’ ಎಂಬ ಹೆಸರು ಕಂಡಿತು. ಆ ಹೆಸರಿನ ಅಧಿಕಾರಿ ಬ್ರಿಟಿಷರ ಪಟ್ಟಿಯಲ್ಲಿ ಯಾರೂ ಇರಲಿಲ್ಲ. ಯಾರೀ ವುಮ್ಕರ್? ವಿಚಾರಿಸುತ್ತ ಹೋದಾಗ ತಿಳಿಯಿತು: ಗಾಯಗೊಂಡು ಜರ್ಮನರ ಕೈಗೆ ಸಿಕ್ಕಿ, ಮೂರು ದಿನ ಜೀವ ಹಿಡಿದಿದ್ದು ಜೂನ್ ೩೦ರಂದು ತೀರಿಕೊಂಡ ವೆಲಿಂಕರ್ ಇವರೇ. ಫ್ರಾನ್ಸಿನ ಹ್ಯಾಂಗಾರ್ಡ್ ಎಂಬ ಊರಿನ ಸ್ಮಶಾನದಲ್ಲಿ ಇಂದು ಅವರ ಕಲ್ಲು ಸರಿಯಾದ ಹೆಸರಿನೊಡನೆ ನಿಂತಿದೆ.

ಆ ತಪ್ಪನ್ನು ನೋಡಿದಾಗ ನನಗೆ ಹಳೆಯ ಗೆಳೆಯನನ್ನು ಕಂಡಂತಾಯಿತು. ವೆಲಿಂಕರ್ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೂಡಿಸಿ ಬರೆದು ನೋಡಿ. ಮೊದಲು ಡಬ್ಲ್ಯೂ, ಕಡೆಗೆ ಕೆ, ಎ, ಆರ್. ನಡುವೆ ಇ, ಎಲ್, ಐ, ಎನ್. ಅವಸರದ ಕೈಬರಹದಲ್ಲಿ ಈ ನಡುವಿನ ನಾಲ್ಕೂ ಅಕ್ಷರಗಳು ಐದು ಗೀಟುಗಳ ಒಂದು ಸಾಲಾಗುತ್ತವೆ. ಯು, ಎಂ ಎಂಬ ಎರಡು ಅಕ್ಷರಗಳನ್ನು ಬರೆದರೂ ಐದೇ ಗೀಟು! ಇದು ನನ್ನ ಊಹೆ; ಆದರೆ ಓಲೆಗರಿಯೊಡನೆ ಏಗಿದವರು ಯಾರೂ ಇದನ್ನು ಸುಲಭವಾಗಿ ತಳ್ಳಿಹಾಕಲಾರರು. ಎಕಾರಕ್ಕೂ ಏಕಾರಕ್ಕೂ ಭೇದ ತೋರದ, ‘ಪ’ವೋ ‘ವ’ವೋ ಎಂದು ಕಣ್ಣಿಗೆ ಕೈಯಡ್ಡ ಹಿಡಿದು ನೋಡಬೇಕಾದ ಬರಹಗಳಲ್ಲಿಯೇ ನಮ್ಮ ಆಯುಷ್ಯ ಕಳೆದಿದೆ.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಆ ಶಿಲುಬೆ ಬರೆದ ಜರ್ಮನನಿಗೆ ಆ ಹೆಸರು ಅರ್ಥವಾಗಿರಲಾರದು. ಬ್ರಿಟಿಷರ ಸಮವಸ್ತ್ರ ತೊಟ್ಟ ಅಧಿಕಾರಿ ತಾನೆ, ‘ವಾಕರ್’ ಎಂದೋ ‘ವಿಲಿಯಂ’ ಎಂದೋ ತಿದ್ದಿ ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹಾಗೆ ತಿದ್ದಿದ್ದರೆ ವೆಲಿಂಕರ್ ಎಂದೆಂದಿಗೂ ಸಿಕ್ಕುತ್ತಿರಲಿಲ್ಲ. ತನಗೆ ತಿಳಿಯದ ಪಾಠವನ್ನು ತಿಳಿಯದಂತೆಯೇ ಉಳಿಸಿದ ಆ ಲಿಪಿಕಾರನನ್ನು ನಾನು ವಿದ್ಯಾರ್ಥಿಗಳಿಗೆ ಮಾದರಿಯಾಗಿ ಹೇಳುತ್ತೇನೆ. ಬುದ್ಧಿವಂತ ಲಿಪಿಕಾರನಷ್ಟು ಅಪಾಯಕಾರಿ ಇನ್ನೊಬ್ಬನಿಲ್ಲ. ಇವನು ದಡ್ಡನಿರಬಹುದು, ಆದರೆ ನಿಷ್ಠಾವಂತ. ಮೇಲಾಗಿ ಅವನು ಶತ್ರು. ಶತ್ರುವಿನ ಹೆಣಕ್ಕೆ ಹೆಸರು ಬರೆದು ಹಾಕುವ ಋಣ ಅವನಿಗೇನಿತ್ತು?

ಕಾಲಾಳು ಬಿದ್ದರೆ ಪಕ್ಕದಲ್ಲಿದ್ದವನು ನೋಡಿರುತ್ತಾನೆ. ಹಡಗು ಮುಳುಗಿದರೆ ಎಲ್ಲರೂ ಒಟ್ಟಿಗೆ ಮುಳುಗಿದರೆಂದು ಲೆಕ್ಕವಾದರೂ ಸಿಗುತ್ತದೆ. ವೈಮಾನಿಕನ ಸಾವು ಅಂಥದಲ್ಲ. ಬೆಳಗ್ಗೆ ತನ್ನ ಜನರ ನಡುವೆ ಚಹಾ ಕುಡಿದು ಹೊರಟವನು ಒಂದು ಗಂಟೆಯೊಳಗಾಗಿ ಇನ್ನೊಂದು ದೇಶದ, ಯಾರದೋ ಗೋಧಿಯ ಹೊಲದಲ್ಲಿ ಬಿದ್ದಿರುತ್ತಾನೆ. ಅವನ ಕೊನೆಯನ್ನು ನೋಡಿದವರು ಆ ಹೊಲದ ಒಡೆಯ, ಆ ಊರಿನ ಪಾದ್ರಿ, ಅವನನ್ನು ಹೊಡೆದು ಕೆಡವಿದ ಎದುರಾಳಿ. ಕಂಡವರೆಲ್ಲ ಆ ಕಡೆ. ಕಾಣದವರೆಲ್ಲ ಈ ಕಡೆ.

ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟನ್ನಿನ ವಾಯುಸೇನೆಯ ಪಟ್ಟಿಯಲ್ಲಿ ಹೀಗೆ ಕಾಣೆಯಾದವರು ಸುಮಾರು ೪೨ ಸಾವಿರ ಮಂದಿ. ಅವರನ್ನು ಹುಡುಕಲು ಒಂದು ಶೋಧನ ದಳವೇ ಏರ್ಪಟ್ಟಿತು. ಅದರಲ್ಲಿದ್ದವರು ಬಹುಮಟ್ಟಿಗೆ ಸ್ವತಃ ಯುದ್ಧದಲ್ಲಿ ಹಾರಿ ಬದುಕಿ ಬಂದವರು. ಜೀಪುಗಳಲ್ಲಿ ಯೂರೋಪಿನ ಹಳ್ಳಿ ಹಳ್ಳಿ ಅಲೆದು, ಚರ್ಚಿನ ಸಮಾಧಿ ಪುಸ್ತಕ, ಊರ ಮುಖ್ಯಸ್ಥನ ದಾಖಲೆ, ಜರ್ಮನರು ರೆಡ್‌ಕ್ರಾಸಿಗೆ ಕಳಿಸಿದ್ದ ಮೃತರ ಪಟ್ಟಿ ಇವನ್ನೆಲ್ಲ ಒಂದಕ್ಕೊಂದು ತಾಳೆ ಹಾಕಿದರು. ಊರವರು ಹೂತಿದ್ದ ಗುಂಡಿಗಳನ್ನು ತೆರೆಸಿದರು. ನಾಲ್ಕೈದು ವರ್ಷಗಳಲ್ಲಿ ಸುಮಾರು ೨೪ ಸಾವಿರ ಜನಕ್ಕೆ ಸಮಾಧಿ ಗೊತ್ತಾಯಿತು. ಒಂಬತ್ತು ಸಾವಿರಕ್ಕೂ ಮಿಕ್ಕಿದವರು ಕಡಲಿಗೆ ಬಿದ್ದರೆಂದು ನಿಶ್ಚಯವಾಯಿತು. ಉಳಿದವರು ಉಳಿದರು.

ಆ ಕೆಲಸದ ವಿವರಗಳನ್ನು ಓದಿದರೆ ಇದು ವೀರರ ಕಥೆಯೋ ಜಮಾಬಂದಿಯ ಲೆಕ್ಕವೋ ಎನ್ನಿಸುತ್ತದೆ. ಸೈನಿಕನ ಕೊರಳಿಗೆ ಹಾಕುತ್ತಿದ್ದ ಗುರುತಿನ ಬಿಲ್ಲೆ ನಾರಿನಿಂದ ಮಾಡಿದ್ದು. ಬೆಂಕಿಗೆ ಸುಟ್ಟುಹೋಗುತ್ತಿತ್ತು, ನೆಲದಲ್ಲಿ ಕೊಳೆಯುತ್ತಿತ್ತು. ವಿಮಾನದ ಎಂಜಿನ್ನು ಹಾಗಲ್ಲ. ಅದು ಎರಡಾಳುದ್ದ ನೆಲಕ್ಕೆ ಇಳಿದಿದ್ದರೂ ಅದರ ಮೇಲೆ ಕಾರ್ಖಾನೆಯವರು ಒತ್ತಿದ ಸಂಖ್ಯೆ ಉಳಿಯುತ್ತದೆ. ಆ ಎಂಜಿನ್ನು ಯಾವ ವಿಮಾನದ್ದು, ಆ ವಿಮಾನ ಆ ದಿನ ಯಾರ ಕೈಯಲ್ಲಿತ್ತು ಎಂಬುದು ಕಚೇರಿಯ ಕಡತದಲ್ಲಿರುತ್ತದೆ. ಅಮೆರಿಕದವರಂತೂ ಒಂದೊಂದು ವಿಮಾನ ಕಾಣೆಯಾದಾಗಲೂ ಅದರ ಎಂಜಿನ್ನುಗಳ ಸಂಖ್ಯೆ, ಬಂದೂಕುಗಳ ಸಂಖ್ಯೆಗಳನ್ನೆಲ್ಲ ಒಂದು ವರದಿಯಲ್ಲಿ ಬರೆದಿಡುತ್ತಿದ್ದರು. ಮನುಷ್ಯ ಅಳಿದು ಅವನ ಬಂದೂಕಿನ ಸಂಖ್ಯೆ ಅವನ ಪರವಾಗಿ ಸಾಕ್ಷಿ ಹೇಳಬೇಕು.

ಇಷ್ಟೂ ಇಲ್ಲದ ಕಡೆ ಬಟ್ಟೆ. ಅಂಗಿಯ ಕತ್ತುಪಟ್ಟಿಯಲ್ಲಿ ಅಗಸನು ಹಾಕಿದ ಗುರುತು ನೋಡಿ ಹೆಸರು ಪತ್ತೆ ಮಾಡಿದ್ದುಂಟು. ಇದನ್ನು ಓದಿದಾಗ ನಾನು ಎದ್ದುಹೋಗಿ ಬೀರುವಿನಲ್ಲಿದ್ದ ನಮ್ಮ ತಂದೆಯ ಹಳೆಯ ಧೋತ್ರವೊಂದನ್ನು ಬಿಚ್ಚಿ ನೋಡಿದೆ. ಅಂಚಿನಲ್ಲಿ ಗೇರುಬೀಜದ ಮಸಿಯ ಮೂರು ಚುಕ್ಕೆ, ಒಂದು ಅಡ್ಡಗೀಟು. ಆ ಗುರುತು ಹಾಕಿದ ದೋಬಿಯೂ ಇಲ್ಲ, ಉಟ್ಟವರೂ ಇಲ್ಲ. ಒಗೆದ ಬಟ್ಟೆ ಬೇರೆ ಮನೆಗೆ ಹೋಗದಿರಲೆಂದು ಇಟ್ಟ ಚುಕ್ಕೆ ಅದು. ಹೋದ ಮಗನನ್ನು ಮನೆಗೆ ತಲುಪಿಸುವಷ್ಟು ದೊಡ್ಡ ಕೆಲಸ ಅದರಿಂದ ಆದೀತೆಂದು ಯಾವ ಅಗಸ ತಾನೆ ನೆನೆದಾನು!

ಎಲ್ಲಿಯೂ ಸಿಕ್ಕದವರಿಗಾಗಿ ಲಂಡನ್ನಿನ ಹೊರಗೆ ರನ್ನಿಮೀಡ್ ಎಂಬಲ್ಲಿ ಒಂದು ಸ್ಮಾರಕ ಕಟ್ಟಿದ್ದಾರೆ. ೧೯೫೩ರಲ್ಲಿ ಅದರ ಉದ್ಘಾಟನೆಯಾಯಿತು. ಸಮಾಧಿಯಿಲ್ಲದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೆಸರುಗಳು ಅಲ್ಲಿನ ಗೋಡೆಗಳಲ್ಲಿವೆ. ನಮ್ಮ ಟಿಪ್ಪುವಿನ ವಂಶಕ್ಕೆ ಸೇರಿದ ನೂರ್ ಇನಾಯತ್ ಖಾನ್ ಅವರ ಹೆಸರೂ ಅದರಲ್ಲೊಂದು. ಆಕೆ ವಿಮಾನ ನಡೆಸಿದವರಲ್ಲ. ವಾಯುಸೇನೆಯ ಮಹಿಳಾ ವಿಭಾಗಕ್ಕೆ ಸೇರಿ, ಗುಪ್ತಚಾರಿಣಿಯಾಗಿ ಫ್ರಾನ್ಸಿಗೆ ಹೋಗಿ, ೧೯೪೪ರಲ್ಲಿ ಡಾಖೌ ಸೆರೆಶಿಬಿರದಲ್ಲಿ ಕೊಲೆಯಾದವರು. ಮೈಸೂರಿನ ನಂಟು ಇದ್ದುದರಿಂದ ಹೇಳದೆ ಹೋಗಲು ಮನಸ್ಸು ಬರಲಿಲ್ಲ.

ಸಾಹಿತ್ಯದವರಲ್ಲೂ ಇಂಥವರೊಬ್ಬರುಂಟು. ‘ಪುಟ್ಟ ರಾಜಕುಮಾರ’ನ ಕಥೆ ಬರೆದ ಫ್ರೆಂಚ್ ಲೇಖಕ ಸೇಂತ್ ಎಕ್ಸುಪೆರಿ. ೧೯೪೪ರ ಜುಲೈ ೩೧ರಂದು ಕಾರ್ಸಿಕಾ ದ್ವೀಪದಿಂದ ಶತ್ರುನೆಲದ ಚಿತ್ರ ತೆಗೆದು ತರಲು ಒಬ್ಬರೇ ಹೊರಟು ಕಾಣೆಯಾದರು. ೧೯೯೮ರಲ್ಲಿ ಮಾರ್ಸೇಲ್ಸ್ ಹತ್ತಿರದ ಕಡಲಿನಲ್ಲಿ ಒಬ್ಬ ಬೆಸ್ತನ ಬಲೆಗೆ ಅವರ ಬೆಳ್ಳಿಯ ಕೈಕಡಗ ಸಿಕ್ಕಿತು. ಅದರ ಮೇಲೆ ಅವರ ಹೆಸರು, ಹೆಂಡತಿಯ ಹೆಸರು, ಮತ್ತೆ ನ್ಯೂಯಾರ್ಕಿನ ಪ್ರಕಾಶಕರ ವಿಳಾಸ! ಪ್ರಕಾಶಕರ ವಿಳಾಸವನ್ನು ಕೈಗೆ ಕಟ್ಟಿಕೊಂಡು ಸಾಯುವಷ್ಟು ನಂಬಿಕೆ ಯಾವ ಕನ್ನಡ ಲೇಖಕನಿಗಾದರೂ ಇದ್ದೀತೇ ಎಂದು ನಾನು ಮಿತ್ರರಲ್ಲಿ ಕೇಳಿದ್ದುಂಟು. ಅದಿರಲಿ. ಕಡಗ ನಕಲಿಯಿರಬಹುದೆಂದು ಸಂಶಯಪಟ್ಟವರೂ ಇದ್ದರು. ಕೊನೆಗೆ ಬಾಯಿ ಮುಚ್ಚಿಸಿದ್ದು ಕಡಗವಲ್ಲ. ಕಡಲ ತಳದಿಂದ ಎತ್ತಿದ ವಿಮಾನದ ತುಂಡಿನ ಮೇಲಿದ್ದ ೨೭೩೪ ಎಂಬ ಕಾರ್ಖಾನೆಯ ಸಂಖ್ಯೆ. ಅದು ೨೦೦೪ರಲ್ಲಿ. ಅವರ ದೇಹ ಮಾತ್ರ ಸಿಕ್ಕಲಿಲ್ಲ.

ಇವೆಲ್ಲ ದೂರದ ಮಾತು. ಹತ್ತಿರದ್ದೂ ಇದೆ. ೧೯೪೨ರಲ್ಲಿ ಜಪಾನೀಯರು ಬರ್ಮಾ ದಾರಿಯನ್ನು ಮುಚ್ಚಿದ ಮೇಲೆ ಚೀನಕ್ಕೆ ಸಾಮಾನು ಸಾಗಿಸಲು ಅಮೆರಿಕದವರು ಅಸ್ಸಾಮಿನಿಂದ ಹಿಮಾಲಯದ ಪೂರ್ವದಂಚನ್ನು ದಾಟಿ ಹಾರತೊಡಗಿದರು. ಆ ಬೆಟ್ಟಸಾಲಿಗೆ ಅವರಿಟ್ಟ ಹೆಸರು ‘ಹಂಪ್’. ಎತ್ತಿನ ಹಿಣಿಲು ಎನ್ನೋಣ. ಮೋಡ, ಹಿಮ, ನಕ್ಷೆಗೆ ಸಿಕ್ಕದ ಶಿಖರಗಳು. ಯುದ್ಧ ಮುಗಿಯುವ ಹೊತ್ತಿಗೆ ಅಲ್ಲಿ ಬಿದ್ದ ವಿಮಾನಗಳು ೬೦೦ರ ಹತ್ತಿರ ಹತ್ತಿರ. ಆ ಕಾಲಕ್ಕೆ ನಮ್ಮ ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು ಅಮೆರಿಕದ ವಾಯುಸೇನೆ ೧೯೪೩ರಲ್ಲಿ ಕೈಗೆ ತೆಗೆದುಕೊಂಡು, ಈ ರಣರಂಗದ ವಿಮಾನಗಳನ್ನು ಅಲ್ಲಿ ಬಿಚ್ಚಿ ರಿಪೇರಿ ಮಾಡಿಸುತ್ತಿತ್ತು. ಹಲಸೂರಿನಿಂದಲೋ ವೈಟ್‌ಫೀಲ್ಡಿನಿಂದಲೋ ಸೈಕಲ್ ತುಳಿದು ಕೆಲಸಕ್ಕೆ ಬರುತ್ತಿದ್ದ ಕೂಲಿಯವನು ತಿರುಪು ಬಿಗಿಮಾಡಿದ ಎಂಜಿನ್ನು ಅರುಣಾಚಲದ ಯಾವುದೋ ಕಮರಿಯಲ್ಲಿ ಈಗಲೂ ಬಿದ್ದಿದ್ದರೆ ಆಶ್ಚರ್ಯವಿಲ್ಲ.

೧೯೪೪ರ ಜನವರಿ ೨೫ರಂದು ಎಂಟು ಜನರನ್ನು ಹೊತ್ತು ಚೀನದ ಕುನ್ಮಿಂಗಿನಿಂದ ಅಸ್ಸಾಮಿನ ಚಾಬುವಾಕ್ಕೆ ಹೊರಟ ಬಾಂಬರ್ ಒಂದು ಹಾಗೆ ಮರೆಯಾಯಿತು. ಅದರ ಚಾಲಕರು ಅದಕ್ಕಿಟ್ಟಿದ್ದ ಹೆಸರು ‘ಹಾಟ್ ಆಸ್ ಹೆಲ್’. ೨೦೦೬ರಲ್ಲಿ ಕ್ಲೇಟನ್ ಕೂಲ್ಸ್ ಎಂಬ ಅಮೆರಿಕನ್ ಪರ್ವತಾರೋಹಿ ಅರುಣಾಚಲದ ದಮ್ರೋ ಎಂಬ ಹಳ್ಳಿಯ ಮೇಲಣ ಕಾಡಿನಲ್ಲಿ ಅದರ ಅವಶೇಷ ಕಂಡು, ಸಂಖ್ಯೆ ಓದಿ, ಇದೇ ಅದು ಎಂದರು. ಅವರಿಗೆ ದಾರಿ ತೋರುವವರು ಆ ಬೆಟ್ಟಗಳ ಬೇಟೆಗಾರರು. ವಾಷಿಂಗ್ಟನ್ನಿನ ಕಚೇರಿಯಲ್ಲಿ ಕಾಣೆಯಾಗಿದ್ದುದು ಹಳ್ಳಿಯವರಿಗೆ ಕಾಣೆಯಾಗಿರಲೇ ಇಲ್ಲ. ಅವರನ್ನು ಯಾರೂ ಕೇಳಿರಲಿಲ್ಲ. ಆಮೇಲೆ ಅಮೆರಿಕ ಸರಕಾರದ ತಂಡ ಬಂದು ಆ ಇಳಿಜಾರಿನ ಮಣ್ಣನ್ನು ಜರಡಿ ಹಿಡಿಯಿತು. ಸಿಕ್ಕಿದ ಅಸ್ಥಿಗಳನ್ನು ೨೦೧೬ರ ಏಪ್ರಿಲ್‌ನಲ್ಲಿ ದೆಹಲಿಯಿಂದ ಮರ್ಯಾದೆಯೊಡನೆ ಕಳುಹಿಸಿಕೊಟ್ಟರು. ಮರುವರ್ಷ ಅದರಲ್ಲಿ ಒಬ್ಬರ ಹೆಸರು ನಿಶ್ಚಯವಾಯಿತು: ಲೆಫ್ಟಿನೆಂಟ್ ರಾಬರ್ಟ್ ಆಕ್ಸ್‌ಫರ್ಡ್. ೭೩ ವರ್ಷಗಳ ಮೇಲೆ ಜಾರ್ಜಿಯಾ ರಾಜ್ಯದ ತಮ್ಮ ಊರಿನಲ್ಲಿ ಮಣ್ಣಾದರು.

ಇಂಥ ಅಸ್ಥಿಗಳನ್ನು ಗುರುತಿಸುವ ವಿಧಾನಗಳಲ್ಲಿ ಒಂದು ನನಗೆ ತುಂಬ ಹಿಡಿಸಿತು. ಪ್ರತಿ ಜೀವಕೋಶದಲ್ಲಿಯೂ ತಾಯಿಯಿಂದ ಮಾತ್ರವೇ ಬರುವ ಒಂದು ಅಂಶ ಉಂಟಂತೆ. ತಾಯಿಯಿಂದ ಮಗನಿಗೂ ಮಗಳಿಗೂ ಬರುತ್ತದೆ. ಮಗನಲ್ಲಿ ಅದು ನಿಂತುಹೋಗುತ್ತದೆ, ಮಗಳಿಂದ ಮುಂದೆ ಸಾಗುತ್ತದೆ. ಆದ್ದರಿಂದ ಸತ್ತವನ ಮಗ ಮೊಮ್ಮಗರನ್ನು ಇಲ್ಲಿ ಯಾರೂ ಕೇಳುವುದಿಲ್ಲ. ಅವನ ಅಕ್ಕತಂಗಿಯರ ಮಕ್ಕಳು, ಆ ಹೆಣ್ಣುಮಕ್ಕಳ ಮಕ್ಕಳು, ಇವರ ಒಂದು ಹನಿ ಸಾಕ್ಷ್ಯ ಬೇಕು. ಪಿಂಡ ಹಾಕಲು ಮಗನೇ ಬೇಕೆನ್ನುವವರು ನಾವು. ಹೆಸರು ಹುಡುಕಿ ಕೊಡಲು ಸೋದರಳಿಯ ಬೇಕು! ತುಳುನಾಡಿನ ಅಳಿಯಸಂತಾನದವರು ಈ ವಿಷಯದಲ್ಲಿ ವಿಜ್ಞಾನಕ್ಕಿಂತ ಮುಂದಿದ್ದರೆನ್ನಬೇಕು.

ಹೆಣ್ಣುಮಕ್ಕಳ ಮೂಲಕ ನಡೆಯುವ ಈ ಲೆಕ್ಕವನ್ನು ಓದುವಾಗ ನನಗೆ ನಮ್ಮ ಚಿಕ್ಕಜ್ಜಿಯ ನೆನಪಾಗದೆ ಇರುವುದಿಲ್ಲ. ನಮ್ಮ ಅಜ್ಜಿಯ ಕೊನೆಯ ತಂಗಿ. ಆಕೆಯ ಗಂಡ ವೈಮಾನಿಕನಲ್ಲ. ದಂಡಿನ ಉಗ್ರಾಣದಲ್ಲಿ ಗುಮಾಸ್ತೆ. ೧೯೪೧ರಲ್ಲಿ ಮಲಯಕ್ಕೆ ಹೋದರು. ದೀಪಾವಳಿಗೆ ಒಂದು ಕಾಗದ ಬಂತು. ಮರುವರ್ಷ ಫೆಬ್ರವರಿಯಲ್ಲಿ ಸಿಂಗಪುರ ಬಿತ್ತು. ಆಮೇಲೆ ಬಂದದ್ದು ಸರಕಾರದ ಕಾಗದ. ಅದರಲ್ಲಿದ್ದುದು ಆ ಒಂದೇ ಮಾತು, ಕಾಣೆ. ಚಿಕ್ಕಜ್ಜಿಗೆ ಆಗ ಹತ್ತೊಂಬತ್ತೋ ಇಪ್ಪತ್ತೋ. ನಾನು ನೋಡುವ ಹೊತ್ತಿಗೆ ತಲೆ ಪೂರ್ತಿ ನೆರೆತಿತ್ತು. ಹಣೆಯಲ್ಲಿ ಕಾಸಿನಗಲ ಕುಂಕುಮ ಇತ್ತು.

ಆ ಕುಂಕುಮ ಮನೆಯ ಹೆಂಗಸರಿಗೆ ಒಂದು ತೊಡಕಾಗಿತ್ತು. ಗೌರಿಹಬ್ಬದಲ್ಲಿ ಬಾಗಿನ ಕೊಡುವಾಗ ಆಕೆಯನ್ನು ಕರೆಯುವುದೋ ಬಿಡುವುದೋ? ಕರೆದರೆ ಕರೆದವರಿಗೆ ಅಳುಕು, ಬಿಟ್ಟರೆ ಆಕೆಗೆ ನೋವು. ಆಕೆಯೇ ಅದನ್ನು ಅರಿತು ಅಂಥ ಹೊತ್ತಿನಲ್ಲಿ ಹಿತ್ತಲಲ್ಲಿ ಏನೋ ಕೆಲಸ ಹಚ್ಚಿಕೊಂಡಿರುತ್ತಿದ್ದಳು. ಕಾನೂನು ಏಳು ವರ್ಷ ಕಾಯುತ್ತದೆ, ಶಾಸ್ತ್ರ ಹನ್ನೆರಡು ವರ್ಷ. ಹನ್ನೆರಡು ತುಂಬಿದಾಗ ಹಿರಿಯರು ಸೇರಿ ಮಾತನಾಡಿದರಂತ‌ೆ. ದೇಹ ಸಿಕ್ಕದವನಿಗೂ ಸಂಸ್ಕಾರವುಂಟು: ದರ್ಭೆಯಿಂದ ಆಕೃತಿ ಮಾಡಿ, ಮುತ್ತುಗದ ಎಲೆಯ ೩೬೦ ತೊಟ್ಟುಗಳನ್ನು ಅದಕ್ಕೆ ಮೂಳೆಗಳಾಗಿ ಹೊಂದಿಸಿ, ದಹನ ಮಾಡುತ್ತಾರೆ. ಪುರೋಹಿತರು ದಿನವನ್ನೂ ನೋಡಿದ್ದರು. ಚಿಕ್ಕಜ್ಜಿ ಬಾಗಿಲ ಹಿಂದಿನಿಂದ ಹೇಳಿದ್ದು ಇಷ್ಟಂತೆ: “ಕಂಡೋರು ಯಾರಾದರೂ ಇದ್ದರೆ ಬಂದು ಹೇಳಲಿ. ನಾನೇ ಅಳಿಸ್ಕೋತೀನಿ. ಎಲೆ ತೊಟ್ಟು ಎಣಿಸಿ ನನಗೆ ತೋರಿಸಬೇಡಿ.” ದಹನ ನಡೆಯಲಿಲ್ಲ. ಹೇಳುವವರೂ ಯಾರೂ ಬರಲಿಲ್ಲ. ಆಕೆ ತೀರಿಕೊಂಡಾಗ ಮುತ್ತೈದೆಯೆಂದು ಸಿಂಗರಿಸುವುದೋ ಬೇಡವೋ ಎಂದು ಮತ್ತೆ ಒಂದು ಗಳಿಗೆ ಚರ್ಚೆಯಾಯಿತು. ನಮ್ಮ ಅಜ್ಜಿ ಯಾರನ್ನೂ ಕೇಳದೆ ಹೂ ಮುಡಿಸಿಬಿಟ್ಟರು.

ಸಿಂಗಪುರದ ಕ್ರಾಂಜಿಯಲ್ಲಿ ಸಮಾಧಿಯಿಲ್ಲದ ೨೪ ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಆ ಪಟ್ಟಿಯನ್ನು ಈಗ ಮನೆಯಲ್ಲೇ ಕುಳಿತು ನೋಡಬಹುದು. ನೋಡಿದೆ. ಚಿಕ್ಕಜ್ಜಿಯ ಗಂಡನದೆನ್ನಬಹುದಾದ ಹೆಸರು ಎರಡು ಕಡೆ ಇದೆ. ಒಂದಕ್ಕೆ ತಂದೆಯ ಹೆಸರಿಲ್ಲ, ಇನ್ನೊಂದಕ್ಕೆ ಊರಿಲ್ಲ. ಎರಡು ಪಾಠಗಳಲ್ಲಿ ಯಾವುದು ಸರಿಯೆಂದು ನಿರ್ಣಯವಾಗದಾಗ ಎರಡನ್ನೂ ಅಡಿಯಲ್ಲಿ ಕೊಟ್ಟು ಸುಮ್ಮನಾಗಬೇಕೆಂದು ನಾನೇ ಪಾಠ ಹೇಳುವವನು. ಹಾಗೆಯೇ ಟಿಪ್ಪಣಿ ಪುಸ್ತಕದಲ್ಲಿ ಎರಡನ್ನೂ ಬರೆದುಕೊಂಡಿದ್ದೇನೆ.

ಇದು ಹಳೆಯ ಕಾಲದ ಮಡಿವಂತರ ಮನೆಯ ಕಥೆಯೆಂದು ಯಾರೂ ಭಾವಿಸಬೇಡಿ. ೧೯೭೧ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಮೇಲೆ ದಾಳಿಗೆ ಹೋಗಿ ಹಿಂತಿರುಗದ ವೈಮಾನಿಕ ವಿಜಯ್ ವಸಂತ ತಾಂಬೆ ಅವರ ಪತ್ನಿ ದಮಯಂತಿ ತಾಂಬೆ ರಾಷ್ಟ್ರಮಟ್ಟದ ಬ್ಯಾಡ್ಮಿಂಟನ್ ಆಟಗಾರ್ತಿ, ವಿದ್ಯಾವಂತೆ. ಗಂಡ ಅಲ್ಲಿನ ಸೆರೆಮನೆಯಲ್ಲಿ ಇರಬಹುದೆಂದು ಅವರು ದಶಕಗಳ ಕಾಲ ಕಚೇರಿಗಳನ್ನು ಅಲೆದರು. ಕಾಣೆಯಾದ ೫೪ ಮಂದಿಯ ಪಟ್ಟಿಯಲ್ಲಿ ಅವರ ಹೆಸರೂ ಇದೆ. ೨೦೦೭ರಲ್ಲಿ ಇಂಥ ಮನೆಗಳ ಕೆಲವರನ್ನು ಪಾಕಿಸ್ತಾನದ ಸೆರೆಮನೆಗಳಿಗೆ ಕರೆದೊಯ್ದು ತೋರಿಸಿದರು. ಬರಿಗೈಯಲ್ಲಿ ಬಂದರು. ಎಲೆ ತೊಟ್ಟಿನ ಲೆಕ್ಕಕ್ಕೆ ಒಪ್ಪದವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ.

ಇನ್ನು ನಮ್ಮ ಕೊಡಗಿನ ಅಜ್ಜಮಾಡ ಬೊಪ್ಪಯ್ಯ ದೇವಯ್ಯನವರ ವಿಷಯ. ನನಗೆ ಈ ಹುಚ್ಚು ಹಿಡಿಸಿದ್ದೇ ಅವರ ಕಥೆ. ವಾಯುಸೇನೆಯ ಕಚೇರಿಯೊಂದರಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬ ರಜೆಗೆ ಬಂದಾಗ ಹೇಳಿದ. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ. ಅದರ ಸುತ್ತ ಎಷ್ಟೋ ಸಲ ತಿರುಗಿದ್ದೆ.

೧೯೬೫ರ ಸೆಪ್ಟೆಂಬರ್ ೭ರ ಬೆಳಗಿನ ಜಾವ. ಪಂಜಾಬಿನ ಆದಂಪುರದಿಂದ ಮಿಸ್ಟೇರ್ ವಿಮಾನಗಳ ತಂಡವೊಂದು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟಿತು. ಸ್ಕ್ವಾಡ್ರನ್ ಲೀಡರ್ ದೇವಯ್ಯ ಅದರಲ್ಲಿ ಮೀಸಲು ಚಾಲಕರು. ಬೇರೊಬ್ಬರು ಹೋಗಲಾರದಿದ್ದರೆ ಮಾತ್ರ ಹೋಗಬೇಕಾದವರು. ಹೋದರು. ೩೩ನೆಯ ವರ್ಷ ನಡೆಯುತ್ತಿತ್ತು. ದಾಳಿ ಮುಗಿಸಿ ತಂಡ ಹಿಂತಿರುಗಿದಾಗ ಅವರ ವಿಮಾನ ಇರಲಿಲ್ಲ. ಏನಾಯಿತೆಂದು ಕಂಡವರು ಜೊತೆಯವರಲ್ಲಿ ಒಬ್ಬರೂ ಇಲ್ಲ. ಕಾಣೆ ಎಂದು ಬರೆದುಕೊಂಡರು. ಮುಂದೆ ಸತ್ತರೆಂದು ಭಾವಿಸಿದರು. ಅಲ್ಲಿಗೆ ಕಡತ ಮುಗಿಯಿತು.

ಹದಿನಾಲ್ಕು ವರ್ಷ ಕಳೆದ ಮೇಲೆ, ೧೯೭೯ರಲ್ಲಿ, ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ ಆ ಯುದ್ಧದ ಮೇಲೆ ಒಂದು ಪುಸ್ತಕ ಬರೆದ. ಬರೆದದ್ದು ಪಾಕಿಸ್ತಾನದ ವಾಯುಸೇನೆಯ ನೆರವಿನಿಂದ, ಅವರ ಪಕ್ಷ ಹಿಡಿದು. ಅದರಲ್ಲಿ ಒಂದು ಸಂಗತಿ ಹೊರಬಿತ್ತು. ಆ ದಿನ ಬೆಳಗ್ಗೆ ಅವರ ಒಂದು ಸ್ಟಾರ್‌ಫೈಟರ್ ವಿಮಾನವನ್ನು ಭಾರತದ ಒಂದು ಮಿಸ್ಟೇರ್ ಹೊಡೆದು ಕೆಡವಿತ್ತು. ಸ್ಟಾರ್‌ಫೈಟರ್ ಎಂದರೆ ಶಬ್ದದ ಎರಡರಷ್ಟು ವೇಗದಲ್ಲಿ ಹಾರುವ ವಿಮಾನ. ಮಿಸ್ಟೇರ್ ಅದರ ಮುಂದೆ ಎತ್ತಿನ ಗಾಡಿ. ಅದನ್ನು ನಡೆಸುತ್ತಿದ್ದ ಅಮ್ಜದ್ ಹುಸೇನ್ ಧುಮುಕಿ ಬದುಕಿಕೊಂಡಿದ್ದರು. ನಮ್ಮ ಕಡೆ ಮರಳಿ ಬಂದವರು ಯಾರೂ ಸ್ಟಾರ್‌ಫೈಟರ್ ಹೊಡೆದೆನೆಂದು ಹೇಳಿರಲಿಲ್ಲ. ಹಾಗಾದರೆ ಹೊಡೆದವರು ಮರಳಿ ಬಾರದವರೇ ಆಗಬೇಕು. ಆ ಬೆಳಗಿನ ತಂಡದಿಂದ ಬಾರದೆ ಉಳಿದ ಮಿಸ್ಟೇರ್ ದೇವಯ್ಯನವರದು. ಏಟು ತಿಂದ ವಿಮಾನವನ್ನು ತಿರುಗಿಸಿ, ಓಡಿಹೋಗಲು ಆಗದೆಂದು ಗೊತ್ತಿದ್ದೂ ಎದುರಾಳಿಯ ಮೇಲೆ ಬಿದ್ದರು.

ದಾಳಿಯ ನಾಯಕರಾಗಿದ್ದ ಓ. ಪಿ. ತನೇಜಾ ಅವರು ಈ ವಿಷಯವನ್ನು ಸರಕಾರದ ಮುಂದಿಟ್ಟರು. ೧೯೮೮ರಲ್ಲಿ, ಸತ್ತು ೨೩ ವರ್ಷಗಳ ಮೇಲೆ, ದೇವಯ್ಯನವರಿಗೆ ಮಹಾವೀರ ಚಕ್ರ ಬಂತು. ಅವರ ಪತ್ನಿ ಸುಂದರಿ ದೇವಯ್ಯನವರು ಸ್ವೀಕರಿಸಿದರು. ನಮ್ಮ ಕಡತಗಳಲ್ಲಿ ಒಂದು ಸಾಲೂ ಇಲ್ಲದ ಶೌರ್ಯಕ್ಕೆ ಸಾಕ್ಷಿ ಹೇಳಿದ್ದು ಎದುರುಪಕ್ಷದ ಪುಸ್ತಕ. ನನ್ನ ಶಿಷ್ಯ ಇದನ್ನು ಹೇಳುತ್ತ ಇನ್ನೊಂದು ಮಾತು ಸೇರಿಸಿದ: “ಸಾರ್, ಆ ಅಮ್ಜದ್ ಹುಸೇನ್ ೧೯೭೧ರ ಯುದ್ಧದಲ್ಲಿ ಅಮೃತಸರದ ಹತ್ತಿರ ಬಿದ್ದು ನಮ್ಮ ಕೈಗೇ ಸೆರೆ ಸಿಕ್ಕಿದ್ದರು.” ಆರು ವರ್ಷದಿಂದ ಕಾಣೆಯಾಗಿದ್ದವರನ್ನು ಕೊನೆಯದಾಗಿ ಕಂಡ ಮನುಷ್ಯ ನಮ್ಮದೇ ಶಿಬಿರದಲ್ಲಿ ನಮ್ಮದೇ ರೊಟ್ಟಿ ತಿಂದುಕೊಂಡು ಇದ್ದರು! ಇವರು ಕೇಳಬೇಕೆಂದು ಇವರಿಗೆ ಗೊತ್ತಿಲ್ಲ, ಹೇಳಬೇಕೆಂದು ಅವರಿಗೆ ಗೊತ್ತಿಲ್ಲ. ಈ ಮಾತು ಕೇಳಿದ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ದೇವಯ್ಯನವರ ದೇಹವನ್ನು ಅಲ್ಲಿಯ ಹಳ್ಳಿಗರು ಹೊಲದಲ್ಲಿ ಕಂಡು, ಅಲ್ಲಿಯೇ ಹತ್ತಿರದಲ್ಲಿ ಹೂತರೆಂದು ಪಾಕಿಸ್ತಾನದ ವಾಯುಸೇನೆಯ ಇತಿಹಾಸ ಬರೆದವರಿಂದ ನಮ್ಮವರಿಗೆ ತಿಳಿದುಬಂತು. ಅದನ್ನು ಓದಿದಾಗ ನನ್ನ ಮನಸ್ಸಿಗೆ ಬಂದವರು ಆ ಹೂತವರು. ಯುದ್ಧದ ಎರಡನೆಯ ದಿನವೋ ಮೂರನೆಯ ದಿನವೋ. ತಲೆಯ ಮೇಲೆ ಬಾಂಬು ಬೀಳುತ್ತಿವೆ. ಬಿದ್ದವನು ತಮ್ಮ ಮೇಲೆ ದಾಳಿಗೆ ಬಂದವನು. ನಾಲ್ಕು ಜನ ಗುದ್ದಲಿ ತಂದು ಗುಂಡಿ ತೋಡಿದ್ದಾರೆ. ಹೆಸರು ಬರೆಯಲು ಅವರಿಗೆ ಹೆಸರು ಗೊತ್ತಿರಲಾರದು. ಐದು ಗೀಟಿನ ತಪ್ಪು ಮಾಡುವುದಕ್ಕೂ ಅವಕಾಶವಿರಲಿಲ್ಲ. ಅಂದು ಗುದ್ದಲಿ ಹಿಡಿದ ಹುಡುಗ ಯಾರಾದರೂ ಈಗ ಬದುಕಿದ್ದರೆ ಎಂಬತ್ತರ ಮುದುಕ. ಮೊಮ್ಮಕ್ಕಳು ಟ್ರ್ಯಾಕ್ಟರ್ ಹೂಡುವಾಗ ಆ ಮೂಲೆಯಲ್ಲಿ ಸ್ವಲ್ಪ ಓರೆಯಾಗಿ ತಿರುಗಿಸಿಕೊಳ್ಳಿ ಎಂದು ಅವನು ಹೇಳುತ್ತಿರಬಹುದು. ಯಾಕೆಂದು ಅವರು ಕೇಳಿದಾಗ, ಅಲ್ಲಿ ಒಬ್ಬ ಹವಾಯಿ ಜಹಜಿನವನು ಇದ್ದಾನೆ ಎಂದೂ ಹೇಳುತ್ತಿರಬಹುದು.